ಒಂಬತ್ತು ಗಂಟೆಯ ಪಾಲು

ಧರ್ಮಪಾಲ ಸಾರ್ ಅವರಷ್ಟು ನ್ಯಾಯವಂತರನ್ನು ನಾನು ನೋಡಿಲ್ಲ. ಇದನ್ನು ಬರೀ ಹೊಗಳಿಕೆ ಎಂದುಕೊಳ್ಳಬೇಡಿ. ಅವರ ನ್ಯಾಯದ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಎಷ್ಟೋ ವರ್ಷ ಕೂತವಳು ನಾನು. ಕೆಲವು ದಿನ ಆ ನ್ಯಾಯವನ್ನು ಎತ್ತಿ ಕಿಟಕಿಯಾಚೆ ಹೊಳೆಗೆ ಎಸೆದುಬಿಡೋಣ ಅನ್ನಿಸಿದ್ದುಂಟು. ಮನುಷ್ಯ ಮಾತ್ರ ಅಪ್ಪಟ ಚಿನ್ನ.

ನನ್ನ ಹೆಸರು ಗುರುಸಿದ್ದಮ್ಮ. ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹುಟ್ಟಿದ್ದು ಶನಿವಾರಸಂತೆ ಕಡೆ. ನಮ್ಮ ಕಡೆಯವರಿಗೆ ಬಾಯಿ ಸ್ವಲ್ಪ ಜೋರು ಎಂದು ಇಲ್ಲಿಯವರು ಹೇಳುತ್ತಾರೆ. ಇರಬಹುದು. ಧರ್ಮಪಾಲ ಸಾರ್ ಇತಿಹಾಸದವರು, ಅರೆಭಾಷೆ ಗೌಡರು. ಜೋರಾಗಿ ಮಾತಾಡಿದರೆ ಎದುರಿನವರಿಗೆ ನೋವಾದೀತೆಂದು ಮಾತನ್ನು ಬಾಯಲ್ಲೇ ಅರ್ಧ ನುಂಗುವ ಜಾತಿ. ಅವರು ನುಂಗಿದ್ದನ್ನೆಲ್ಲ ನಾನು ಆಡುತ್ತಿದ್ದೆ, ಹಾಗಾಗಿ ನಮ್ಮಿಬ್ಬರ ಸ್ನೇಹ ಚೆನ್ನಾಗಿ ನಡೆದುಕೊಂಡು ಬಂದಿತ್ತು.

ನಮ್ಮದು ವಿಶ್ವವಿದ್ಯಾಲಯದ್ದೇ ಒಂದು ಸಣ್ಣ ಘಟಕ ಕಾಲೇಜು, ನೆಲ್ಯಹುದಿಕೇರಿಯಲ್ಲಿ, ಹೊಳೆಯ ಪಕ್ಕ. ಆರು ವಿಭಾಗ, ಆರು ಕೋಣೆ. ನಾಲ್ಕನೇ ಕೋಣೆಯ ಕಿಟಕಿ ತೆರೆದರೆ ಕಾವೇರಿ ಕಾಣುತ್ತದೆ, ಫ್ಯಾನು ತಿರುಗುತ್ತದೆ, ಕೊನೆಯ ಬೆಂಚಿನವರೆಗೂ ದನಿ ಮುಟ್ಟುತ್ತದೆ. ಆರನೆಯದು ಶೀಟಿನ ಕೋಣೆ. ತಾತ್ಕಾಲಿಕ ಎಂದು ಕಟ್ಟಿದ್ದು, ಕಟ್ಟಿದವರು ರಿಟೈರ್ ಆದರು, ಕೋಣೆ ಆಗಲಿಲ್ಲ. ಬೇಸಿಗೆಯಲ್ಲಿ ಅದು ಕಾದ ಕಾವಲಿ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬಡಿಯುವ ಸದ್ದಿಗೆ ಮೇಷ್ಟರ ಬಾಯಿ ಆಡುವುದು ಮಾತ್ರ ಕಾಣುತ್ತದೆ, ಮಾತು ಕೇಳುವುದಿಲ್ಲ. ಇನ್ನು ಹೊತ್ತಿನ ವಿಷಯ. ಹನ್ನೊಂದು ಗಂಟೆಯ ಪೀರಿಯಡ್ ಎಲ್ಲರಿಗೂ ಬೇಕು, ಒಂಬತ್ತು ಗಂಟೆಯದು ಯಾರಿಗೂ ಬೇಡ. ಒಂದು ವಿಭಾಗಕ್ಕೆ ಒಂದು ಹೊತ್ತು, ಒಂದು ಕೋಣೆ ಎಂದು ಗೊತ್ತಾದರೆ ಸೆಮಿಸ್ಟರ್ ಮುಗಿಯುವ ತನಕ ಅದೇ ಗತಿ. ಹಾಗಾಗಿ ಪ್ರತಿ ಸೆಮಿಸ್ಟರ್ ಶುರುವಾಗುವ ಮುಂಚೆ ನಮ್ಮಲ್ಲಿ ಒಂದು ಕುರುಕ್ಷೇತ್ರ ನಡೆಯುತ್ತಿತ್ತು. ವಿಶ್ವವಿದ್ಯಾಲಯದವರು ಒಮ್ಮೆ ಜಗಳವೇ ಬೇಡವೆಂದು ಕಂಪ್ಯೂಟರಿನಿಂದ ಟೈಮ್ ಟೇಬಲ್ ಮಾಡಿಸಿ ಕಳಿಸಿದರು. ಅದು ಕನ್ನಡ ವಿಭಾಗದ ಕ್ಲಾಸನ್ನು ಸೈಕಲ್ ಸ್ಟ್ಯಾಂಡಿಗೆ ಹಾಕಿತ್ತು.

ಕಡೆಗೆ ಪ್ರಿನ್ಸಿಪಾಲ್ ಬೆಳ್ಳಿಯಪ್ಪನವರು, "ಎಂತ ಬೇಕಾದ್ರೂ ಮಾಡ್ಕೊಳ್ಳಿ, ಜಗಳ ಮಾತ್ರ ನನ್ನ ಚೇಂಬರಿಗೆ ತರ್ಬೇಡಿ" ಎಂದು ಕೈಮುಗಿದು ಕೆಲಸವನ್ನು ಧರ್ಮಪಾಲ ಸಾರ್‌ಗೆ ಒಪ್ಪಿಸಿದರು. ಅವರು ತಮ್ಮ ಊರಿನ ಒಂದು ಪದ್ಧತಿಯನ್ನು ಸ್ಟಾಫ್ ರೂಮಿಗೆ ತಂದರು. ಆಯುಧ ಪೂಜೆಯ ಹಬ್ಬ ಕೈಲುಮುಹೂರ್ತದ ದಿನ ಅವರ ಕಡೆ ಹಂದಿ ಮಾಂಸ ಹಂಚುವುದುಂಟಲ್ಲ, ಅದರ ಪದ್ಧತಿ. ಬಾಳೆಲೆಯ ಮೇಲೆ ಒಬ್ಬರು ಪಾಲು ಹಾಕಬೇಕು, ಉಳಿದವರೆಲ್ಲ ತಮಗೆ ಬೇಕಾದ ಪಾಲು ಎತ್ತಿಕೊಳ್ಳಬೇಕು, ಪಾಲು ಹಾಕಿದವರಿಗೆ ಕೊನೆಗೆ ಉಳಿದದ್ದು. ಆಗ ಹಾಕುವ ಕೈ ಹೆಚ್ಚುಕಡಿಮೆ ಮಾಡುವುದಿಲ್ಲ. ನಾನು ಲಿಂಗಾಯತಳು, ಆ ಮಾಂಸ ಮುಟ್ಟಿದವಳಲ್ಲ. ಅದರ ನ್ಯಾಯ ಮಾತ್ರ ನನಗೂ ಉಣ್ಣಲು ಸಿಕ್ಕಿತು.

ಪದ್ಧತಿ ಹೇಗೆಂದರೆ, ಸಾರ್ ಒಂದು ಡ್ರಾಯಿಂಗ್ ಶೀಟಿನಲ್ಲಿ ಪೆನ್ಸಿಲಿನಿಂದ ಹೊತ್ತಿಗೊಂದು, ಕೋಣೆಗೊಂದು ಮನೆ ಎಳೆಯುತ್ತಿದ್ದರು. ಸ್ಟೀಲ್ ಲೋಟದಲ್ಲಿ ವಿಭಾಗಗಳ ಹೆಸರಿನ ಚೀಟಿ ಹಾಕಿ ಕುಲುಕುತ್ತಿದ್ದರು. ಯಾರ ಚೀಟಿ ಮೊದಲು ಬಂತೋ ಅವರು ಮೊದಲು ಆರಿಸಬೇಕು. ಇತಿಹಾಸದ ಚೀಟಿಯನ್ನು ಅವರು ಲೋಟಕ್ಕೇ ಹಾಕುತ್ತಿರಲಿಲ್ಲ. ಎಲ್ಲರೂ ಎತ್ತಿಕೊಂಡ ಮೇಲೆ ಉಳಿಯುತ್ತಿದ್ದದ್ದು ಒಂಬತ್ತು ಗಂಟೆ ಮತ್ತು ಶೀಟಿನ ಕೋಣೆ. ಪ್ರತಿ ಸಲ ಅದೇ. ಪ್ರತಿ ಸಲವೂ ಅವರು ಅದನ್ನು ಪ್ರಸಾದದಂತೆ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. "ನ್ಯಾಯ ಅಂದ್ರೆ ಧರ್ಮಪಾಲರು" ಎಂದು ಎಲ್ಲರೂ ತಲೆದೂಗುತ್ತಿದ್ದರು. ತನಗೆ ಅನುಕೂಲವಾದ ನ್ಯಾಯವನ್ನು ಯಾರಾದರೂ ಬೇಡ ಅಂದದ್ದುಂಟೇ?

ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಸರಿ ಅನ್ನುತ್ತಾರೆ. ಇತಿಹಾಸದ ಮಕ್ಕಳ ಪಾಲಿಗೆ ಆ ಗಾದೆ ತಿರುಗಾಮುರುಗಾ ಆಗಿತ್ತು. ಬಡಿಸುವವರು ಅವರ ಮೇಷ್ಟರೇ, ಎಲೆ ಮಾತ್ರ ಖಾಲಿ.

ಇದು ನನ್ನ ತಲೆಗೆ ಹೊಳೆದದ್ದು ಕಳೆದ ಜನವರಿಯಲ್ಲಿ, ಹಾಜರಾತಿ ಕಡಿಮೆ ಇರುವವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿದ ದಿನ. ಶೇಕಡ ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ ಎಂಬುದು ನಿಯಮ. ಅದರಲ್ಲಿ ಚೋಮಿಯ ಹೆಸರಿತ್ತು, ಇತಿಹಾಸದಲ್ಲಿ. ನನಗೆ ನಂಬಿಕೆಯೇ ಬರಲಿಲ್ಲ. ಚೋಮಿ ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನ ಕೂಲಿ ಲೈನಿನ ಹುಡುಗಿ, ಎರವ ಬುಡಕಟ್ಟಿನವಳು. ಅವಳ ಲೈನಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ನನ್ನ ಮಧ್ಯಾಹ್ನದ ಕ್ಲಾಸಿಗೆ ಒಂದು ದಿನವೂ ತಪ್ಪಿಸಿಕೊಂಡವಳಲ್ಲ. ಎರಡನೇ ಬೆಂಚಿನಲ್ಲಿ ಕೂತು, ನಾನು ಪುಸ್ತಕದ ಮಾತು ಹೇಳಿ ತಪ್ಪಿಸಿಕೊಳ್ಳಲು ನೋಡಿದರೆ ಕೈ ಎತ್ತಿ ನಿಲ್ಲಿಸುವವಳು.

ಬೆಳ್ಳಿಯಪ್ಪನವರು ಕನಿಕರದಿಂದ ಆ ಸಲಕ್ಕೆ ಅವಳನ್ನು ಪರೀಕ್ಷೆಗೆ ಬಿಟ್ಟರು. "ಇದೇ ಕೊನೆ. ಮುಂದಿನ ಸೆಮಿಸ್ಟರಲ್ಲಿ ಹಿಂಗಾದ್ರೆ ನನ್ ಕೈಲೂ ಏನೂ ಮಾಡಕ್ಕಾಗಲ್ಲ" ಎಂದು ಎಚ್ಚರಿಸಿ ಕಳಿಸಿದರು. ಅವಳು ಚೇಂಬರಿನಿಂದ ಹೊರಬರುವಾಗ ನಾನು ಕಾರಿಡಾರಿನಲ್ಲೇ ತಡೆದು ನಿಲ್ಲಿಸಿದೆ.

"ಏನೇ ಹುಡುಗಿ, ನನ್ ಕ್ಲಾಸಿಗೆ ಗಡಿಯಾರದ ಥರ ಬರ್ತೀಯ. ಹಿಸ್ಟರಿ ಅಂದ್ರೆ ಅಷ್ಟೊಂದು ಬೇಜಾರಾ?"

"ಇಲ್ಲ ಮೇಡಂ, ನಂಗೆ ಹಿಸ್ಟರೀನೇ ಜಾಸ್ತಿ ಇಷ್ಟ."

ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ತೋರಿಸಿಕೊಳ್ಳಲಿಲ್ಲ. "ಮತ್ತೆ?"

"ಆನೆ ಮೇಡಂ."

ಕೊಡಗಿನವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ದುಬಾರೆಯಲ್ಲಿ ಆನೆಗೆ ಸ್ನಾನ ಮಾಡಿಸಲು ಜನ ದೂರದೂರದಿಂದ ಟಿಕೆಟ್ ತೆಗೆದುಕೊಂಡು ಬರುತ್ತಾರೆ. ಪಾಲಿಬೆಟ್ಟದ ಕಡೆ ಆನೆಗಳು ಟಿಕೆಟ್ ಇಲ್ಲದೆ ಮನೆಮುಂದೆಯೇ ಬರುತ್ತವೆ. ರಾತ್ರಿ ತೋಟದಲ್ಲಿ ಹಲಸು, ಬಾಳೆ ತಿಂದುಕೊಂಡಿದ್ದು ಬೆಳಿಗ್ಗೆ ನಿಧಾನಕ್ಕೆ ಕಾಡಿಗೆ ದಾಟುತ್ತವೆ. ಅವು ದಾಟಿದವೆಂದು ವಾಚರ್ ಬಂದು ಹೇಳುವ ತನಕ ಲೈನಿನಿಂದ ಯಾರೂ ಹೊರಗೆ ಕಾಲಿಡುವಂತಿಲ್ಲ. ಚೋಮಿ ಅದಾದ ಮೇಲೆ ಕಾಫಿ ತೋಟದ ನಡುವಿನ ದಾರಿಯಲ್ಲಿ ನಡೆದು, ರಸ್ತೆಗೆ ಬಂದು, ಬಸ್ಸು ಹಿಡಿದು ಕಾಲೇಜು ಮುಟ್ಟುವಾಗ ಹತ್ತು ದಾಟಿರುತ್ತದೆ.

"ಸಾರ್‌ಗೆ ಹೇಳಿದ್ಯಾ?"

"ಇಲ್ಲ ಮೇಡಂ. ಸಾರ್ ಹಾಜರೀಲಿ ಯಾರಿಗೂ ಬಿಟ್ಕೊಡಲ್ಲ ಅಂತಾರೆ. ಪೂಜಿತಕ್ಕ ಇಲ್ಲಿ ಓದುವಾಗ ಅವ್ರಿಗೇ ಆಬ್ಸೆಂಟ್ ಹಾಕಿದ್ರಂತಲ್ಲ."

ಅದು ನಿಜವೇ. ಪೂಜಿತಾ ಸಾರ್ ಅವರ ಮಗಳು. ಅಪ್ಪನ ಕ್ಲಾಸಿಗೆ ಅಪ್ಪನ ಹಿಂದೆಯೇ ನಡೆದು ಬಂದವಳು, ಬಾಗಿಲಲ್ಲಿ ಗೆಳತಿಯ ಜೊತೆ ಮಾತಾಡುತ್ತ ನಿಂತದ್ದಕ್ಕೆ ಗೈರುಹಾಜರಿ. ಕಾಲೇಜಿನಲ್ಲಿ ಅದು ಪುರಾಣವಾಗಿಬಿಟ್ಟಿತ್ತು.

ಚೋಮಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. "ಮುಂದಿನ ಸಲಾನೂ ಒಂಬತ್ತೇ ಅಂದ್ರೆ ನಾನು ಬರಲ್ಲ ಮೇಡಂ. ಅಮ್ಮ ಈಗ್ಲೇ ಕಾಫಿ ಪಿಕ್ಕಿಂಗಿಗೆ ಬಾ ಅಂತಾಳೆ. ಒಂದ್ಸಲ ಪಿಕ್ಕಿಂಗಿಗೆ ಇಳಿದೋರು ತಿರುಗಿ ಓದಕ್ಕೆ ಬಂದಿದ್ದು ನಮ್ಮ ಲೈನಲ್ಲಿ ಇಲ್ವೇ ಇಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಇಂಥ ದಿನ ಇಂಥ ಬಸ್ಸಿಲ್ಲ ಎಂದು ಹೇಳುವವರ ಹಾಗೆ ಹೇಳಿ ಹೋದಳು.

ನಾನು ನಿಂತಲ್ಲೇ ಯೋಚಿಸಿದೆ. ನಮ್ಮಲ್ಲಿ ಬಿ.ಕಾಂ.ಗೆ ಬರುವವರು ಹೆಚ್ಚಾಗಿ ಕುಶಾಲನಗರದ ಪೇಟೆ ಮಕ್ಕಳು. ಬೆಳಗಿನ ಬಸ್ಸಿಗೆ ಬಂದಿಳಿದು ಕ್ಯಾಂಟೀನಿನಲ್ಲಿ ಕಾಲು ಚಾಚುತ್ತಾರೆ. ಇತಿಹಾಸಕ್ಕೆ ಬರುವವರು ಲೈನುಗಳಿಂದ, ಕಾಡಂಚಿನ ಹಾಡಿಗಳಿಂದ. ಬಸ್ಸು ಹೋಗದ ಜಾಗದವರನ್ನೆಲ್ಲ ಎಲ್ಲರಿಗಿಂತ ಮೊದಲು ಬನ್ನಿ ಎಂದು ಕರೆದು, ಬಾರದಿದ್ದವರಿಗೆ ಗೈರುಹಾಜರಿ ಹಾಕುತ್ತಿದ್ದೆವು. ಅದೂ ನ್ಯಾಯದ ಹೆಸರಿನಲ್ಲಿ! ನನಗೆ ಮೈಯೆಲ್ಲ ಉರಿದುಹೋಯಿತು.

ಉರಿಯುತ್ತಲೇ ಸ್ಟಾಫ್ ರೂಮಿಗೆ ಹೋದೆ. ಸಾರ್ ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವರ ಹೆಂಡತಿ ಕಮಲಕ್ಕ ದಿನಾ ನನಗೂ ಒಂದು ಸಣ್ಣ ಡಬ್ಬಿ ಕಳಿಸುತ್ತಾರೆ, ಅಕ್ಕಿ ರೊಟ್ಟಿಯೋ ಕಡುಬೋ. ಸಾರ್ ಅದನ್ನು ನನ್ನ ಕಡೆ ತಳ್ಳುವಾಗ ತಪ್ಪದೆ, "ಇದು ಬೇರೆ ಪಾತ್ರೆದು, ಹೆದರ್ಬೇಡಿ" ಅನ್ನುತ್ತಾರೆ. ಮಾಂಸ ಬೇಯಿಸದ ಪಾತ್ರೆಯದೆಂದು ಅರ್ಥ. ಆವತ್ತೂ ಅಂದರು.

"ರೊಟ್ಟಿ ಆಮೇಲೆ ಸಾರ್. ಮುಂದಿನ ಸೆಮಿಸ್ಟರಿಗೆ ಒಂಬತ್ತು ಗಂಟೆ ಪೀರಿಯಡ್ ನೀವು ತಗೋಬಾರ್ದು."

"ಅದು ಉಳಿದ ಪಾಲಲ್ವಾ. ನಾನು ತಗೊಳ್ಳದೆ ಮತ್ತೆ ಯಾರು ತಗೊಳ್ಳುದು?"

ನಾನು ಚೋಮಿಯ ವಿಷಯ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಮುಖ ಸಣ್ಣದಾಯಿತು. ಆದರೂ ತಲೆ ಅಲ್ಲಾಡಿಸಿದರು. "ಪಾಪ, ಗೊತ್ತಿರ್ಲಿಲ್ಲೆ ನಂಗೆ. ಆದ್ರೆ ಗುರುಸಿದ್ದಮ್ಮ, ನಾನೇ ಪಾಲು ಹಾಕಿ ನಾನೇ ಒಳ್ಳೇದು ಎತ್ತಿದ್ರೆ ಹೇಗೆ? ನಾಳೆ ಮಂದಿ ಎಂತ ಹೇಳ್ತಾರೆ?"

"ಮಂದಿ ಏನಾದ್ರೂ ಹೇಳ್ಕೊಳ್ಳಿ!"

"ಇಷ್ಟು ವರ್ಷ ಯಾರೂ ಒಂದು ಮಾತು ಹೇಳಿಲ್ಲ ನಂಗೆ. ರಿಟೈರಾಗ್ಲಿಕ್ಕೆ ಇನ್ನೊಂದು ವರ್ಷವೂ ಇಲ್ಲೆ. ಈಗ ಹೋಗಿ ನಂಗೆ ಬೇಕು ಅಂತ ಕೈ ಒಡ್ಡುದಾ?"

ಅಲ್ಲಿಗೆ ನನ್ನ ನಾಲಿಗೆ ನನ್ನ ಕೈಮೀರಿತು. "ನೀವು ಬಿಟ್ಟುಕೊಟ್ಟಿದ್ದು ನಿಮ್ಮ ಪಾಲು ಅಂದ್ಕೊಂಡಿದ್ದೀರಾ ಸಾರ್? ನೀವು ಬಿಟ್ಟುಕೊಟ್ಟಿದ್ದು ಆ ಹುಡುಗಿ ಪಾಲು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ಇದೇ. ಒಳ್ಳೆಯೋರು ಅನ್ನಿಸ್ಕೊಂಡಿದ್ದು ನೀವು, ಬೆಲೆ ತೆತ್ತಿದ್ದು ಚೋಮಿ!"

ಸಾರ್ ತಮ್ಮ ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಹೊರಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೇಳಿದವರು ನಾನು ಹಾಗೆ ಅನ್ನಬಾರದಿತ್ತು ಅಂದರು. ನನಗೆ ಹಾಗೇನೂ ಅನ್ನಿಸಲಿಲ್ಲ. ಆದರೆ ಆ ಮಧ್ಯಾಹ್ನ ಕಮಲಕ್ಕನ ಡಬ್ಬಿ ತೆರೆಯಲಿಲ್ಲ.

ಆಮೇಲೆ ಸಾರ್ ನನ್ನ ಜೊತೆ ಮಾತು ಬಿಟ್ಟರು. ಮಾತು ಬಿಟ್ಟರು, ಡಬ್ಬಿ ಬಿಡಲಿಲ್ಲ. ಪ್ರತಿ ಮಧ್ಯಾಹ್ನ ನನ್ನ ಮುಖ ನೋಡದೆ ಡಬ್ಬಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳುತ್ತಿದ್ದರು. ನಾನೂ ಅವರ ಮುಖ ನೋಡದೆ ಖಾಲಿ ಮಾಡಿ, ತೊಳೆದು, ವಾಪಸ್ ತಳ್ಳುತ್ತಿದ್ದೆ. ಪಾತ್ರೆ ಬೇರೆಯದೋ ಅಲ್ಲವೋ ಎಂದು ಹೇಳುವವರಿಲ್ಲ. ನಾನು ನಂಬಿಕೆಯ ಮೇಲೆ ತಿನ್ನುತ್ತಿದ್ದೆ. ಇಷ್ಟು ಸಿಟ್ಟಿನಲ್ಲೂ ಇಷ್ಟು ಅಕ್ಕರೆ ಇಟ್ಟುಕೊಂಡ ಮನುಷ್ಯನ ಮೇಲೆ ಕೋಪ ಮಾಡಿಕೊಂಡಿರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ.

ಹೀಗಿರುವಾಗ ಟೈಮ್ ಟೇಬಲ್ ದಿನ ಬಂತು. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು. ಎಲ್ಲ ವಿಭಾಗದವರೂ ಉದ್ದ ಮೇಜಿನ ಸುತ್ತ ಕೂತೆವು. ನನ್ನ ಎದುರಿಗೆ ವಾಣಿಜ್ಯ ವಿಭಾಗದ ಕೀರ್ತಿಕುಮಾರ್. ಅವನು ನಮ್ಮ ಕಡೆಯವನೇ, ವಯಸ್ಸಿನಲ್ಲಿ ಚಿಕ್ಕವನು. ಸುಂಟಿಕೊಪ್ಪದ ಹತ್ತಿರ ಅವನಿಗೆ ಸ್ವಂತ ಕಾಫಿ ತೋಟವಿದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿಯೇ ಕಾರು ಹತ್ತುವವನು. ಹಾಗಾಗಿ ಒಂಬತ್ತು ಗಂಟೆ ಅಂದರೆ ಅವನಿಗೆ ಹಾವು ಕಂಡ ಹಾಗೆ. ನಾಲ್ಕನೇ ಕೋಣೆಯ ಹನ್ನೊಂದು ಗಂಟೆಯ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಚೀಟಿ ಮಾತ್ರ ಒಮ್ಮೆಯೂ ಅವನ ಕೈ ಹಿಡಿದಿರಲಿಲ್ಲ.

ಸಾರ್ ಡ್ರಾಯಿಂಗ್ ಶೀಟ್ ಸುರುಳಿ ಹಿಡಿದುಕೊಂಡು ಬಂದರು. ಬಿಚ್ಚಿ ಹರಡಿದರು. ಮನೆಗಳನ್ನು ಎಳೆದಿರಲಿಲ್ಲ. ಬಿಳೀ ಹಾಳೆ. ಪೆನ್ಸಿಲನ್ನೂ ಸ್ಕೇಲನ್ನೂ ತಂದು ನನ್ನ ಮುಂದೆ ಇಟ್ಟರು.

"ಈ ಸಲ ಪಾಲು ಗುರುಸಿದ್ದಮ್ಮ ಹಾಕ್ತಾರೆ" ಅಂದರು.

ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ ಸಂತೋಷದಲ್ಲಿ ನಾನು ಪೆನ್ಸಿಲ್ ಎತ್ತಿಕೊಂಡುಬಿಟ್ಟೆ. ಎತ್ತಿಕೊಂಡ ಮೇಲೆ ಅರ್ಥವಾಯಿತು.

"ಹಾಕಿದವರಿಗೆ ಕೊನೇದು. ಗೊತ್ತುಂಟಲ್ಲ?" ಅಂದರು ಸಾರ್, ಬಲು ವಿನಯದಿಂದ.

ಎಲ್ಲರೂ ನಕ್ಕರು. ಬಾಯಿ ಜೋರಿದ್ದರೆ ಹೀಗೇ ಆಗುವುದು. ನಾನು ಮನೆಗಳನ್ನು ಎಳೆದೆ, ಹೊತ್ತುಗಳನ್ನು ಬರೆದೆ, ಕೋಣೆಗಳನ್ನು ಬರೆದೆ. ಅರ್ಥಶಾಸ್ತ್ರದ ಚೀಟಿಯನ್ನು ಹೊರಗಿಟ್ಟು, ಇತಿಹಾಸದ ಚೀಟಿಯನ್ನು ಮೊದಲ ಸಲ ಲೋಟಕ್ಕೆ ಹಾಕಿದೆ. ಕುಲುಕುವಾಗ ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದೆ. ಇತಿಹಾಸ ಮೊದಲು ಬರಲಿ. ಮೊದಲಲ್ಲದಿದ್ದರೆ ಎರಡನೆಯದಾದರೂ ಬರಲಿ. ಇತಿಹಾಸಕ್ಕೆ ಒಂಬತ್ತು ಬಂದರೂ ಕೆಟ್ಟಿತು, ಅದು ಕೊನೆಗೆ ಉಳಿದು ನನಗೆ ಬಂದರೂ ಕೆಟ್ಟಿತು. ಚೋಮಿ ಎರಡೂ ಕ್ಲಾಸಿನಲ್ಲಿದ್ದಳು.

ಮೊದಲ ಚೀಟಿ ವಾಣಿಜ್ಯ.

ಕೀರ್ತಿಕುಮಾರ್ ಮೇಜು ಕುಟ್ಟಿದ. "ಹನ್ನೊಂದು ಗಂಟೆ, ನಾಲ್ಕನೇ ರೂಮು! ಬರೀರಿ ಮೇಡಂ, ದಪ್ಪಕ್ಕೆ ಬರೀರಿ."

ಅವನ ಚೀಟಿ, ಅವನ ಹಕ್ಕು. ನಾನು ಪೆನ್ಸಿಲ್ ಊರಿದೆ.

"ಬರೀಬೇಡಿ."

ಧರ್ಮಪಾಲ ಸಾರ್ ಎದ್ದು ನಿಂತಿದ್ದರು. ಅವರ ಎರಡು ಕೈಯೂ ಮೇಜಿನ ಅಂಚನ್ನು ಹಿಡಿದಿದ್ದವು. ಹಣೆಯ ಮೇಲೆ ಬೆವರು. ಫೆಬ್ರವರಿಯ ಬೆಳಿಗ್ಗೆ, ಸ್ವೆಟರ್ ಹಾಕಿಕೊಂಡು ಕೂತ ಕೋಣೆಯಲ್ಲಿ ಬೆವರು! ತರಗತಿಯಲ್ಲಿ ರಾಜರ ಯುದ್ಧಗಳನ್ನೆಲ್ಲ ನಿರರ್ಗಳವಾಗಿ ಹೇಳುವ ಮನುಷ್ಯ, ತನಗೊಂದು ಬೇಕು ಎಂದು ಹೇಳಲು ಬರದೆ ನಿಂತಿದ್ದರು. ನಾನು ಬಾಯಿ ಹಾಕಬಹುದಿತ್ತು. ಹಾಕಲಿಲ್ಲ, ತುಟಿ ಕಚ್ಚಿ ಕೂತೆ. ಇದನ್ನು ಅವರೇ ಹೇಳಬೇಕಿತ್ತು.

"ನಂಗೆ ಬೇಕು" ಅಂದರು ಕಡೆಗೆ. "ಹನ್ನೊಂದು ಗಂಟೆ, ಆ ರೂಮು. ಚೀಟಿ ನಿಮ್ಮದೇ ಕೀರ್ತಿ, ಸುಳ್ಳಲ್ಲ. ಆದ್ರೂ ಕೇಳ್ತಾ ಇದ್ದೇನೆ. ನಂಗೆ ಬೇಕು."

ಕೀರ್ತಿಕುಮಾರ್ ಬೆಪ್ಪಾಗಿ ನೋಡಿದ. ಆಮೇಲೆ ಅವನಿಗೆ ಸ್ವಲ್ಪ ಸಿಟ್ಟೂ ಬಂತು. "ಏನ್ ಸಾರ್, ಇಷ್ಟ್ ದಿನಕ್ಕೆ ಒಂದ್ಸಲ ನನ್ ಚೀಟಿ ಬಂತು. ಮಂಡಿ ನೋವಾ ನಿಮ್ಗೆ? ಹಂಗಿದ್ರೆ ಹೇಳಿ, ಸ್ಟಾಫ್ ರೂಮಿಗೆ ಹತ್ತಿರದ ಬೇರೆ ರೂಮು ನೋಡಣ."

"ಮಂಡಿ ಚೆನ್ನಾಗೇ ಉಂಟು. ನನ್ನ ಕ್ಲಾಸಲ್ಲಿ ಪಾಲಿಬೆಟ್ಟದ ಲೈನಿನ ಒಬ್ಳು ಹುಡುಗಿ ಉಂಟು, ಚೋಮಿ ಅಂತ. ಬೆಳಿಗ್ಗೆ ಆನೆ ದಾಟದೆ ಅವಳಿಗೆ ಮನೆಯಿಂದ ಹೊರಡ್ಲಿಕ್ಕೆ ಆಗುದಿಲ್ಲ. ನಾನು ಒಂಬತ್ತು ಗಂಟೆಗೆ ಪುಸ್ತಕ ತೆಗೆದು ಅವಳಿಗೆ ಆಬ್ಸೆಂಟ್ ಹಾಕ್ತಾ ಕೂತಿದ್ದೆ. ಅವಳಂಥವರು ಹಿಂದೆ ಎಷ್ಟು ಮಂದಿ ಬಿಟ್ಟುಹೋದ್ರೋ, ನಂಗೆ ಗೊತ್ತಿಲ್ಲೆ. ಎಲ್ಲಾರಿಗೂ ನ್ಯಾಯ ಮಾಡ್ತಾ ಇದ್ದೇನೆ ಅಂತ ಗ್ರಹಿಸಿಕೊಂಡಿದ್ದೆ." ಸಾರ್ ನನ್ನ ಕಡೆ ನೋಡಲಿಲ್ಲ. "ನಮ್ಮ ನಮ್ಮೊಳಗೆ ಪಾಲು ಸಮ ಹಾಕಿದೆವು. ಮಕ್ಕಳನ್ನ ಕೇಳ್ಲಿಲ್ಲ."

ಕೀರ್ತಿಕುಮಾರ್‌ನ ಸಿಟ್ಟು ಇಳಿಯುವುದು ಮುಖದ ಮೇಲೆಯೇ ಕಂಡಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅವನೂ ತೋಟದವನು, ಆನೆ ಅಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನಮ್ಮ ತೋಟದಲ್ಲೂ ಆನೆ ಇದ್ದ ದಿನ ನಾನು ಯಾರನ್ನೂ ಕೆಲಸಕ್ಕೆ ಇಳಿಸಲ್ಲ ಸಾರ್" ಅಂದ ನಿಧಾನವಾಗಿ. "ಎಷ್ಟೊತ್ತಿಗೆ ಬಂದ್ರೂ ಆ ದಿನ ಪೂರ್ತಿ ಹಾಜರಿ ಹಾಕ್ತೀನಿ. ನಮ್ಮಪ್ಪನ ಕಾಲದಿಂದ ಹಂಗೇ. ಆಮೇಲೆ ಕಾರ್ ಹತ್ತಿ ಇಲ್ಲಿಗ್ ಬಂದು ಮೇಷ್ಟರಾಗ್ತೀನಿ. ಇಲ್ಲಿ ಅದು ತಲೆಗೇ ಬಂದಿಲ್ಲ ನೋಡಿ."

ಹೇಳಿ ಮುಗಿಸಿದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಂತೆ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದ. ಎಸ್ಟೇಟಿನವರು ಕೂಲಿ ಆಳಿಗೆ ತೋರಿಸುವ ಕರುಣೆಯನ್ನು ನಾವು ಕಾಲೇಜು ಓದುವ ಹುಡುಗಿಗೆ ತೋರಿಸಿರಲಿಲ್ಲ. ಅಲ್ಲಿ ಕೂತಿದ್ದ ನಮ್ಮೆಲ್ಲರಿಗೂ ಅದು ಒಟ್ಟಿಗೇ ತಟ್ಟಿತು.

"ಒಂಬತ್ತು ನಂಗೇ ಹಾಕಿ ಮೇಡಂ" ಅಂದ ಕೀರ್ತಿಕುಮಾರ್. "ನನ್ ಮಕ್ಳು ಫಸ್ಟ್ ಬಸ್ಸಿಗೇ ಬಂದು ಕ್ಯಾಂಟೀನಲ್ಲಿ ಮೊಬೈಲ್ ಉಜ್ತಾ ಕೂತಿರ್ತವೆ. ಅದರ ಬದ್ಲು ಅಕೌಂಟೆನ್ಸಿ ಉಜ್ಲಿ. ಆದ್ರೆ ಶೀಟಿನ ರೂಮ್ ಮಾತ್ರ ಬೇಡ, ಕೈ ಮುಗೀತೀನಿ."

"ನಿಮ್ಮ ತೋಟದ ಹಾಜರಿ?" ಸಾರ್ ಕೇಳಿದರು.

"ಪುಕ್ಕಟೆ ಕೊಡ್ತಾ ಇಲ್ಲ ಸಾರ್, ಇದು ಮುಯ್ಯಿ. ನನ್ ಗದ್ದೆ ನಾಟಿಗೆ ನೀವು, ನಿಮ್ ಗದ್ದೆ ನಾಟಿಗೆ ನಾನು. ಬರೋ ಕೊಯ್ಲಿಗೆ ನೀವು ರಿಟೈರಾಗಿರ್ತೀರ. ಬೆಳಿಗ್ಗೆ ಹೊತ್ತು ಬಂದು ನಮ್ಮ ಆಳುಗಳ ಹಾಜರಿ ಹಾಕಿ. ನೀವು ಹಾಕಿದ್ರೆ ಯಾರೂ ಮೋಸ ಅನ್ನಲ್ಲ."

"ಆಗ್ಲಿ. ಆನೆ ಇದ್ದ ದಿನ ನಾನೂ ಲೇಟಾಗಿ ಬರುದು."

"ಪೂರ್ತಿ ಹಾಜರಿ ಹಾಕ್ತೀನಿ ಸಾರ್."

ಆಗ ಬಂದ ನಗು ಚೇಂಬರಿನವರೆಗೆ ಕೇಳಿಸಿ, ಜಗಳ ಶುರುವಾಯಿತೆಂದುಕೊಂಡು ಬೆಳ್ಳಿಯಪ್ಪನವರು ಬಾಗಿಲು ಹಾಕಿಕೊಂಡರಂತೆ. ಉಳಿದವರು ಚೀಟಿಯ ಸರದಿಯಂತೆ ತಮ್ಮ ತಮ್ಮ ಪಾಲು ಎತ್ತಿಕೊಂಡರು. ಕೊನೆಗೆ ಹಾಳೆಯ ಮೇಲೆ ಉಳಿದದ್ದು ಮಧ್ಯಾಹ್ನ ಎರಡು ಗಂಟೆ ಮತ್ತು ಶೀಟಿನ ಕೋಣೆ. ಉಂಡ ಮಕ್ಕಳಿಗೆ, ಕಾದ ಶೀಟಿನ ಕೆಳಗೆ, ಅರ್ಥಶಾಸ್ತ್ರ. ದೇವರೇ ಬಂದು ಪಾಠ ಮಾಡಿದರೂ ಅವರು ಮಲಗದೆ ಇರುವುದಿಲ್ಲ. ನಾನೂ ಎರಡು ಕೈಯಲ್ಲೇ ತೆಗೆದುಕೊಂಡೆ.

ಎಲ್ಲರೂ ಎದ್ದು ಹೋದ ಮೇಲೆ ಸಾರ್ ಹಾಳೆಯನ್ನು ಸುರುಳಿ ಸುತ್ತುತ್ತ ನಿಂತರು. "ನೀವು ಆವತ್ತು ಹೇಳಿದ್ದು ಭಾರಿ ಖಾರ ಆಯ್ತು" ಅಂದರು.

"ನಿಮ್ಗೆ ಸಪ್ಪೆ ಹೇಳಿದ್ರೆ ಹತ್ತಲ್ಲ ಸಾರ್."

"ಸರಿಯೇ." ಸುರುಳಿಗೆ ರಬ್ಬರ್ ಬ್ಯಾಂಡ್ ಹಾಕಿದರು. "ನಾಳೆ ಕಮಲ ಕಡುಬು ಮಾಡ್ತಾಳೆ. ಬೇರೆ ಪಾತ್ರೆದು."

ನನಗೆ ಕಣ್ಣು ತುಂಬಿತು. ಬೇರೆ ಪಾತ್ರೆಯದ್ದು ಎಂದು ಆ ಮನುಷ್ಯ ಮತ್ತೆ ನನಗೆ ಹೇಳಿದರಲ್ಲ ಎಂದು ಕಾರಿಡಾರಿನ ತುದಿಯವರೆಗೂ ಹೋಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಂದೆ.

ಮಾರ್ಚಿನಲ್ಲಿ ಕ್ಲಾಸುಗಳು ಶುರುವಾದವು. ಮೊದಲ ದಿನ ಹನ್ನೊಂದಕ್ಕೆ ನನಗೆ ಕೆಲಸವಿರಲಿಲ್ಲ. ನಾಲ್ಕನೇ ಕೋಣೆಯ ಎದುರು ನೀರಿನ ಫಿಲ್ಟರ್ ಇದೆ, ನನಗೆ ಇದ್ದಕ್ಕಿದ್ದಂತೆ ಬಹಳ ಬಾಯಾರಿಕೆಯಾಯಿತು ಎಂದಿಟ್ಟುಕೊಳ್ಳಿ. ಲೋಟ ಹಿಡಿದು ಬಾಗಿಲ ಪಕ್ಕ ನಿಂತೆ. ಚೋಮಿ ಕಿಟಕಿಯ ಕಡೆ, ಎರಡನೇ ಬೆಂಚಿನಲ್ಲಿ ಕೂತಿದ್ದಳು. ಚಪ್ಪಲಿಯ ಅಂಚಿಗೆ ತೋಟದ ಕೆಂಪು ಮಣ್ಣು ಇನ್ನೂ ಹಸಿಯಾಗಿ ಅಂಟಿತ್ತು. ಬೆಳಿಗ್ಗೆ ಆನೆ ಇತ್ತೋ ಏನೋ. ಇದ್ದರೂ ಅವಳು ಬಂದಿದ್ದಳು.

ಸಾರ್ ಹಾಜರಿ ಪುಸ್ತಕ ತೆರೆದರು. ಅವರು ನಂಬರ್ ಕೂಗುವವರಲ್ಲ, ಹೆಸರು ಹಿಡಿದೇ ಕರೆಯುತ್ತಾರೆ. ಒಂದು ಹೆಸರು, ಅದಕ್ಕೊಂದು ಉತ್ತರ, ಒಂದು ಗುರುತು, ಆಮೇಲೆ ಇನ್ನೊಂದು ಹೆಸರು. ತಲೆ ಎತ್ತದೆ ಒಂದೇ ಲಯದಲ್ಲಿ ಕರೆಯುತ್ತ ಹೋದರು. "ಚೋಮಿ" ಅಂದರು. ಅಂದವರು ನಿಲ್ಲಲಿಲ್ಲ. ಉತ್ತರಕ್ಕೆ ಕಾಯದೆ ಪೆನ್ನು ಗೈರುಹಾಜರಿಯ ಗೀಟು ಎಳೆಯಿತು, ಮುಂದಿನ ಹೆಸರು ಬಾಯಿಗೆ ಬಂದಿತ್ತು. ಆ ಹೆಸರಿಗೆ ಉತ್ತರ ಬರುವುದಿಲ್ಲ ಎಂಬುದು ಅವರ ಕೈಗೆ ಅಷ್ಟು ಅಭ್ಯಾಸವಾಗಿ ಹೋಗಿತ್ತು.

"ಸಾರ್" ಎಂದು ಚೋಮಿ ಎದ್ದು ನಿಂತಳು. "ನಾನು ಇದ್ದೇನೆ ಸಾರ್."

ಸಾರ್ ತಲೆ ಎತ್ತಿದರು. ಅವಳನ್ನು ನೋಡಿದರು. ಬಗ್ಗಿ ಪುಸ್ತಕದಲ್ಲಿ ತಾವೇ ಎಳೆದ ಗೀಟನ್ನು ನೋಡಿದರು. ಆ ಮುಖವನ್ನು ನನಗೆ ನೋಡಲಾಗಲಿಲ್ಲ. ನಾನು ಲೋಟದ ನೀರು ನೋಡಿದೆ. ಹುಡುಗರು ಏನಾಯಿತೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

"ಕೂತ್ಕೊಳ್ಳಮ್ಮ" ಅಂದರು ಸಾರ್. ಗೀಟನ್ನು ಹೊಡೆದು ಹಾಕಿದರು. ಆಮೇಲೆ ಪುಸ್ತಕವನ್ನು ಮುಚ್ಚಿ, ಮತ್ತೆ ತೆರೆದು, ಮೊದಲ ಹೆಸರಿನಿಂದ ಹಾಜರಿ ಕರೆಯಲು ಶುರು ಮಾಡಿದರು. ಒಮ್ಮೆ ಹೇಳಿದವರೆಲ್ಲ ನಗುತ್ತ ಇನ್ನೊಮ್ಮೆ ಉತ್ತರ ಕೊಟ್ಟರು. ಚೋಮಿಯ ಹೆಸರು ಬಂದಾಗ ಸಾರ್ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಅವಳ ಕಡೆ ನೋಡಿ ಕರೆದರು. ಅವಳು "ಇದ್ದೇನೆ ಸಾರ್" ಎಂದು ಹೇಳಿ ಆಯಿತು. ಮುಂದಿನ ಹೆಸರಿಗೆ ಹೋಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.